ಗ್ಲೂಕೋಮೀಟರ್ "ಹೈ" ಅಂದರೆ ಕಂಪ್ಯೂಟರಿಗೆ ಏನು ಹೇಳೋದು?

ಪ್ರಶ್ನೆ (ಸ್ಟಾಫ್ ನರ್ಸ್, ಗೋಣಿಕೊಪ್ಪ): ನಮಸ್ಕಾರ ಸರ್. ನಮ್ಮ ಕ್ಲಿನಿಕ್‌ಗೆ ಕಾಫಿ ತೋಟದ ಲೈನ್ ಮನೆಯವರೇ ಜಾಸ್ತಿ ಬರೋದು. ರಿಜಿಸ್ಟರ್ ಬಿಟ್ಟು ಕಂಪ್ಯೂಟರ್ ಮಾಡಿದ್ದಾರೆ. ಶುಗರ್ ಕಾಲಂನಲ್ಲಿ ಒಬ್ಬರು "180" ಹಾಕಿದರೆ, ಇನ್ನೊಬ್ಬರು "ಊಟ ಆದ್ಮೇಲೆ 180", ಮತ್ತೊಬ್ಬರು ಬರೀ "ನಾರ್ಮಲ್". ಒಂದು ಕಡೆ ಬಿಪಿ 80/120 ಅಂತಿದೆ! ದೂರು ಕೊಟ್ಟ ಮೇಲೆ ಸಾಫ್ಟ್‌ವೇರ್‌ನವರು ಶುಗರ್ 40ರಿಂದ 400ರೊಳಗೆ ಮಾತ್ರ ಅಂತ ಬಿಗಿ ಮಾಡಿದರು. ಈಗ ಮೀಟರ್ "ಹೈ" ಅಂತ ತೋರಿಸಿದರೆ 400 ಒತ್ತದೆ ಮುಂದಿನ ಪೇಜೇ ಬರಲ್ಲ. ಇದಕ್ಕೆ ಆರ್ಕಿಟೈಪ್ ಅಂತ ಏನೋ ಇದೆಯಂತಲ್ವಾ?

ಉತ್ತರ: ಇದೆ ಮೇಡಂ. ಮೊದಲು ಆ 400ರ ವಿಷಯ. ಅದು ಖಾಲಿ ಕಾಲಂಗಿಂತ ಅಪಾಯ. ನಾಳೆ ನೋಡುವ ಡಾಕ್ಟರಿಗೆ ಅದು ನಿಜವಾದ 400ರ ಹಾಗೇ ಕಾಣುತ್ತದೆ. ನಿಯಮ ಹಾಕಿದ್ದೇ ತಪ್ಪು ತಡೆಯೋಕೆ, ಈಗ ಅದೇ ತಪ್ಪು ಬರೆಸುತ್ತಿದೆ.

ಸುಮಾರು ಮೀಟರ್‌ಗಳು 600 ದಾಟಿದರೆ "ಹೈ" ತೋರಿಸುತ್ತವೆ. ನಿಮ್ಮದರ ಮಿತಿ ಎಷ್ಟು ಅಂತ ಅದರ ಜೊತೆ ಬಂದ ಚೀಟಿಯಲ್ಲಿ ನೋಡಿ. ಓಪನ್‌ಇಹೆಚ್‌ಆರ್ ಅಂತ ಆರೋಗ್ಯ ದಾಖಲೆ ಇಡುವ ಒಂದು ಮುಕ್ತ ಪದ್ಧತಿ ಇದೆ, ಆರ್ಕಿಟೈಪ್ ಅದರದ್ದೇ. ಅದರಲ್ಲಿ ಸಂಖ್ಯೆಯ ಪಕ್ಕ ">" ಗುರುತಿಗೂ ಜಾಗ ಇದೆ. ಅಂದರೆ "600ಕ್ಕಿಂತ ಜಾಸ್ತಿ" ಅಂತಲೇ ದಾಖಲಾಗುತ್ತದೆ. ಪರೀಕ್ಷೆ ಆಗದಿದ್ದರೆ "ಗೊತ್ತಿಲ್ಲ", "ಅನ್ವಯಿಸಲ್ಲ" ಅಂತ ಕಾರಣ ಹಾಕಬಹುದು.

ಇನ್ನು ಆರ್ಕಿಟೈಪ್. ಸಾಫ್ಟ್‌ವೇರ್ ಒಳಗೆ ಪ್ರಮಾಣ, ದಿನಾಂಕ, ಕೋಡ್ ಥರದ ಕೆಲವೇ ಸಾಮಾನ್ಯ ಅಚ್ಚುಗಳು ಇರುತ್ತವೆ. "ಬಿಪಿ ಅಂದರೆ ಏನೇನು ಇರಬೇಕು" ಅನ್ನೋದನ್ನು ವೈದ್ಯರು ಹೊರಗೆ ಬೇರೆ ಕಡತದಲ್ಲಿ ಬರೆಯುತ್ತಾರೆ. ಆ ಕಡತವೇ ಆರ್ಕಿಟೈಪ್. ಹಾಗಾಗಿ ನಿಯಮ ಬದಲಾದಾಗಲೆಲ್ಲ ಪ್ರೋಗ್ರಾಂ ಬಿಚ್ಚಬೇಕಾಗಿಲ್ಲ. ಬಿಪಿ ಆರ್ಕಿಟೈಪ್ ನೋಡಿ: ಮೇಲಿನದು, ಕೆಳಗಿನದು ಬೇರೆ ಬೇರೆ ಕಾಲಂ. ಕೂತಿದ್ದರಾ ಮಲಗಿದ್ದರಾ, ತೋಳಿಗೆ ಸುತ್ತುವ ಪಟ್ಟಿಯ ಸೈಜ್ ಎಷ್ಟು, ಅದಕ್ಕೂ ಜಾಗ. ಮಿತಿ ಮಾತ್ರ 0ಯಿಂದ 1000ದೊಳಗೆ! ಸುಮ್ನೆ ಅಷ್ಟು ಸಡಿಲ ಬಿಟ್ಟಿಲ್ಲ. ಎಲ್ಲ ಆಸ್ಪತ್ರೆಗೂ ಒಂದೇ ಮಾದರಿ, ನಿಜವಾದ ಯಾವ ರೀಡಿಂಗೂ ಹೊರಗುಳಿಯಬಾರದು. ನಿಮ್ಮ ಕ್ಲಿನಿಕ್‌ಗೆ ಬೇಕಾದ ಬಿಗಿಯನ್ನು ಟೆಂಪ್ಲೇಟ್‌ನಲ್ಲಿ, ಅಂದರೆ ಆರ್ಕಿಟೈಪ್‌ಗಳನ್ನು ನಿಮ್ಮ ಕೆಲಸಕ್ಕೆ ಹೊಂದಿಸಿಕೊಳ್ಳುವ ಕಡತದಲ್ಲಿ, ಮಾಡಿಕೊಳ್ಳಬೇಕು. ಟೆಂಪ್ಲೇಟ್ ಬಿಗಿ ಮಾಡಬಹುದು, ಸಡಿಲ ಮಾಡೋಕಾಗಲ್ಲ.

80/120ರಲ್ಲಿ ಎರಡೂ ಸಂಖ್ಯೆ ಒಂದೊಂದಾಗಿ ಸರಿಯೇ. ಅದಕ್ಕೇ ಎರಡನ್ನೂ ಹೋಲಿಸುವ ನಿಯಮ ಬೇರೆ ಬೇಕು. ಅಲ್ಲೂ "ಅದಲು ಬದಲಾಗಿದೆಯಾ?" ಅಂತ ಕೇಳಿದರೆ ಸಾಕು, ಬಾಗಿಲು ಹಾಕೋದು ಬೇಡ.

ಪ್ರಶ್ನೆ (ಲ್ಯಾಬ್ ಟೆಕ್ನಿಷಿಯನ್, ವಿರಾಜಪೇಟೆ): ನಮ್ಮಲ್ಲಿ ಅರ್ಧ ಜನ ಜನವರಿ 1ಕ್ಕೇ ಹುಟ್ಟಿದ್ದಾರೆ ಸರ್ 😀

ಉತ್ತರ: ಹುಟ್ಟಿದ ವರ್ಷ ಮಾತ್ರ ಗೊತ್ತಿದ್ದವರಿಗೆ ಪೂರ್ತಿ ತಾರೀಕು ಕೇಳಿದರೆ ಹಾಗೇ ಆಗೋದು. "ವರ್ಷ ಕಡ್ಡಾಯ, ತಿಂಗಳು ದಿನ ಇದ್ದರೆ ಹಾಕಿ" ಅಂತ ದಿನಾಂಕಕ್ಕೂ ನಿಯಮ ಬರೆಯಬಹುದು. ಬರೀ 1968 ಅಂತಿದ್ದರೂ ಅದು ಸರಿಯಾದ ದಾಖಲೆ.

ಪ್ರಶ್ನೆ (ಪ್ರೋಗ್ರಾಮರ್, ಕುಶಾಲನಗರ): ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ಗೆ ಎಫ್‌ಹೆಚ್‌ಐಆರ್ (ಆರೋಗ್ಯ ಮಾಹಿತಿ ವಿನಿಮಯದ ಮಾನದಂಡ) ಬೇಕಲ್ಲ ಗುರುಗಳೇ, ಇದೆಲ್ಲ ಎರಡೆರಡು ಕೆಲಸ ಅಲ್ವಾ?

ಉತ್ತರ: ಎಫ್‌ಹೆಚ್‌ಐಆರ್ ಮುಖ್ಯವಾಗಿ ದಾಖಲೆ ಒಬ್ಬರಿಗೊಬ್ಬರು ಕಳಿಸೋಕೆ, ಆರ್ಕಿಟೈಪ್ ದಾಖಲೆ ಇಟ್ಟುಕೊಳ್ಳೋಕೆ. ಕೇಂದ್ರ ಸರ್ಕಾರದ 2016ರ ಇಹೆಚ್‌ಆರ್ (ಎಲೆಕ್ಟ್ರಾನಿಕ್ ಆರೋಗ್ಯ ದಾಖಲೆ) ಮಾನದಂಡದಲ್ಲಿ ಓಪನ್‌ಇಹೆಚ್‌ಆರ್ ಹೆಸರೂ ಇದೆ. ಸಣ್ಣ ಕ್ಲಿನಿಕ್ ಆದರೆ ಎಫ್‌ಹೆಚ್‌ಐಆರ್ ಪ್ರೊಫೈಲ್ (ಅದರಲ್ಲೇ ನಿಯಮ ಬರೆಯುವ ಕಡತ) ಒಂದರಲ್ಲೇ ಶುರುಮಾಡಿ, ತೊಂದರೆಯಿಲ್ಲ. ಅದರಲ್ಲೂ ಪ್ರಮಾಣದ ಜೊತೆ ">" ಇಡಬಹುದು. ಆದರೆ ಹಾಕಿದ ಮಾಹಿತಿ ಸರಿಯಿದೆಯಾ ಅನ್ನೋ ತಪಾಸಣೆ ಕ್ಲಿನಿಕ್‌ನ ಕಂಪ್ಯೂಟರ್‌ನಲ್ಲೇ ನಡೆಯಲಿ. ಜುಲೈ ಮಳೆಯಲ್ಲಿ ನಮ್ಮ ಕಡೆ ನೆಟ್‌ವರ್ಕ್ ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾ!