ಅಪ್‌ಡೇಟ್: ಸಭಾಪಾಲಕರ ವರ್ಗಾವಣೆ, ನಡುವಿನ ಆರು ವಾರ

ಹಳೆಯ ಅಯ್ಯನವರು (ಸಭಾಪಾಲಕರು) ಮೇ ಕೊನೆಗೆ ಹೊರಡುತ್ತಾರೆ, ಹೊಸಬರು ಬರುವುದು ಜುಲೈ ಮಧ್ಯಕ್ಕೆ, ಅಲ್ಲಿವರೆಗೆ ಸಭೆ ನಡೆಸುವುದು ಹೇಗೆ ಎಂದು ಕೇಳಿದ್ದೆ. ನಮ್ಮದು ಉಡುಪಿ ಕಡೆಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಅಂದರೆ ಚರ್ಚಿನ ಸಮುದಾಯ.

ಆರಾಧನೆಗೆ ತೊಂದರೆಯಾಗಲಿಲ್ಲ. ಸಾಮಾನ್ಯ ಭಾನುವಾರ ಸಭೆಯ ಹಿರಿಯರೇ ನಡೆಸಬಹುದು. ಕರ್ತನ ಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ಮಾತ್ರ ಅಭಿಷಿಕ್ತ ಪಾಲಕರೇ ಬೇಕು. ಪಕ್ಕದ ಸಭೆಯವರನ್ನು ಕರೆಯುವುದಾದರೆ ನಮ್ಮ ಆರಾಧನೆ ಬೆಳಿಗ್ಗೆ ಏಳೂವರೆಗೆ ಇಡಬೇಕು, ಅವರ ಸಭೆಯೂ ಕಾಯುತ್ತಿರುತ್ತದಲ್ಲ.

ಎಡವಿದ್ದು ಬ್ಯಾಂಕಿನಲ್ಲಿ. ಖಾತೆ ಜಂಟಿ ಸಹಿಯದ್ದು, ಒಂದು ಸಹಿ ವರ್ಗವಾಗಿ ಹೋದವರದು. ಚೆಕ್ ವಾಪಸ್ ಬಂತು, ಶಾಲೆಯ ಆಯಾಗೆ ಸಂಬಳ ತಡವಾಯಿತು. ಅಯ್ಯನವರು ಇರುವಾಗಲೇ ಕಮಿಟಿ ಠರಾವು ಮಾಡಿ, ಅದರ ಪ್ರತಿ ಮತ್ತು ಹೊಸ ಸಹಿದಾರರ ಕೆವೈಸಿ (ಗುರುತಿನ ದಾಖಲೆ) ಬ್ಯಾಂಕಿಗೆ ಕೊಟ್ಟುಬಿಡಿ.

ದೀಕ್ಷಾಸ್ನಾನ, ಮದುವೆ, ಸಮಾಧಿ ಮೂರೂ ರಿಜಿಸ್ಟರುಗಳಲ್ಲಿ ಕೊನೆಯ ನಮೂದಿನ ಕೆಳಗೆ ಗೆರೆ ಎಳೆದು, ಕ್ರಮಸಂಖ್ಯೆ ಬರೆದು, ಅಯ್ಯನವರೂ ಕಾರ್ಯದರ್ಶಿಯೂ ಸಹಿ ಹಾಕಬೇಕು. ಮದುವೆಯದ್ದು 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ದಾಖಲೆ. ಅದರಲ್ಲಿ ಖಾಲಿ ಸಾಲು ಬಿಟ್ಟರೆ ಮುಂದೆ ತಕರಾರು ಗ್ಯಾರಂಟಿ.

ಹಾಸಿಗೆ ಹಿಡಿದವರ ಪಟ್ಟಿ ಹಳೆಯ ಅಯ್ಯನವರ ತಲೆಯಲ್ಲಷ್ಟೇ ಇರುತ್ತದೆ. ಹೊರಡುವ ಮೊದಲು ಬರೆಸಿಕೊಳ್ಳಿ: ಯಾರು, ಯಾವ ಮನೆ, ಯಾವಾಗ ಭೇಟಿ.

ಇನ್ನು ಮದುವೆಗೆ ಹಳೆಯ ಅಯ್ಯನವರನ್ನೇ ಕರೆಯಬೇಕೆಂಬ ಮನೆಯವರ ಹಟ. ಆಹ್ವಾನ ಹೊಸಬರ ಮೂಲಕವೇ ಹೋಗಲಿ, ಇದರಲ್ಲಿ ಮೆತ್ತಗಾಗಬಾರದು.

ಪಾಲಕರ ಮನೆ ಬೀಗ ಹಾಕಿಡಬೇಡಿ. ಜೂನ್ ಮಳೆಗೆ ಹಂಚು ಸರಿದು ಒಳಗೆ ನೀರು ಸುರಿದದ್ದು ಗೊತ್ತಾಗಿದ್ದೇ ಮೆಸ್ಕಾಂನವರು ಮೀಟರ್ ನೋಡಲು ಬಂದಾಗ.