ಸಹಾಯ ಬೇಕು: ಮುಚ್ಚಿಹೋದ ಕಾಲುವೆಯನ್ನು ನಕ್ಷೆಯಲ್ಲಿ ತೋರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ಆರು ಜನ ವಿದ್ಯಾರ್ಥಿಗಳು. ಬೇಗ ಬೆಳೆಯುತ್ತಿರುವ ಒಂದು ನಗರದ ಯೋಜನೆ ತಯಾರಿಗೆ ಕೈಜೋಡಿಸಿದ್ದೇವೆ. ನಮ್ಮ ಪಾಲಿಗೆ ಬಂದಿರುವುದು ಮಳೆನೀರು.

ಲ್ಯಾಂಡ್‌ಸ್ಯಾಟ್ ಅನ್ನೋ ಉಪಗ್ರಹಗಳು ತೆಗೆದ ಚಿತ್ರಗಳು 1972ರಿಂದ ಇವೆ, ಉಚಿತವಾಗಿಯೂ ಸಿಗುತ್ತವೆ. ಎಲ್ಲಿ ಹೊಲ ಹೋಗಿ ಕಾಂಕ್ರೀಟ್ ಬಂತು ಅಂತ ನೋಡುವುದು ಸುಲಭವಾಯಿತು. ತೊಡಕು ಕಾಲುವೆಗಳದ್ದು. ಈಗಿನ ಲ್ಯಾಂಡ್‌ಸ್ಯಾಟ್‌ನ ಒಂದು ಚುಕ್ಕಿ ಅಂದರೆ ನೆಲದ ಮೇಲೆ 30 ಮೀಟರ್, ಸೆಂಟಿನೆಲ್-2 ಅನ್ನೋ ಇನ್ನೊಂದು ಉಪಗ್ರಹ ಸರಣಿಯದ್ದು 10 ಮೀಟರ್. ಎರಡು ಮೀಟರ್ ಅಗಲದ ಚರಂಡಿ ಎಲ್ಲಿ ಕಾಣಬೇಕು?

ಹಾಗಾಗಿ ಟೇಪ್ ಹಿಡಿದು ನಡೆದೆವು. ಹಳೇ ನಕ್ಷೆಯಲ್ಲಿ ನೇರವಾಗಿ ಹರಿಯುವ ಕಾಲುವೆ ಒಂದು ಕಾಂಪೌಂಡ್ ಗೋಡೆಯ ಕೆಳಗೆ ನುಗ್ಗಿ ಮಾಯ! ಆಚೆ ಬದಿಯಲ್ಲಿ ಬರೀ ಒಣ ಹುಲ್ಲು. "ಮಳೆ ಬಂದಾಗ ಬನ್ನಿ, ನೀರೇ ದಾರಿ ತೋರಿಸುತ್ತೆ" ಅಂದರು ಅಲ್ಲಿದ್ದ ಅಜ್ಜಿ. ನಮ್ಮ ಸಾಫ್ಟ್‌ವೇರಿಗಿಂತ ಅವರೇ ವಾಸಿ ಅನ್ನಿಸಿತು.

ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರಿನಲ್ಲಿ ಇಂಥ ಕಾಲುವೆಯನ್ನು ಹೇಗೆ ಗುರುತಿಸುತ್ತೀರಿ? ನಾವು ಅಳೆದದ್ದನ್ನೂ ಜನ ಹೇಳಿದ್ದನ್ನೂ ಬೇರೆ ಬೇರೆ ಲೇಯರ್‌ನಲ್ಲಿ ಇಡಬೇಕಲ್ವಾ? ಬಾಯಿಮಾತನ್ನು ಯೋಜನೆ ಮಾಡುವವರು ಒಪ್ಪುತ್ತಾರಾ? ಇಂಥ ಕೆಲಸ ಮಾಡಿದವರು ಒಂದು ಮಾದರಿ ನಕ್ಷೆ ಹಂಚಿಕೊಂಡರೆ ದೊಡ್ಡ ಉಪಕಾರ. ಸುಮ್ನೆ "ಗೂಗಲ್ ಮಾಡಿ" ಅನ್ನಬೇಡಿ, ಅದೆಲ್ಲ ಮಾಡಿದ್ದಾಯಿತು.