ಸಿಆರ್‌ಪಿ 48 ಬಂದಿದೆ, ಉಳಿದ ಪರೀಕ್ಷೆಗಳನ್ನೂ ಮಾಡಿಸಬೇಕೇ?

ಸೇಡಂನಿಂದ: ತಂದೆಯವರಿಗೆ 66. ನಾಲ್ಕು ದಿನದಿಂದ ಜ್ವರ, ಕೆಮ್ಮು, ಫ್ಲೂ ಎಂದಿದ್ದಾರೆ. ದೇಹದ ಉರಿಯೂತ ತೋರಿಸುವ ಸಿಆರ್‌ಪಿ 48. ಮನೆಯಲ್ಲೇ ನೋಡಿಕೊಳ್ಳಿ ಎನ್ನುತ್ತಾರೆ ವೈದ್ಯರು. ರಕ್ತ ಹೆಪ್ಪುಗಟ್ಟುವುದನ್ನು ನೋಡುವ ಡಿ-ಡೈಮರ್, ಉರಿಯೂತ ನೋಡುವ ಫೆರಿಟಿನ್, ಐಎಲ್-6 ಸೇರಿಸಿ 4,200ಕ್ಕೆ ಮಾಡುತ್ತೇನೆ ಎನ್ನುತ್ತಾನೆ ಲ್ಯಾಬಿನವನು. ಅನುಭವಸ್ಥರು ಹೇಳಿ.

ಆಳಂದದಿಂದ: 2021ರ ಮೇ, ಕೊರೊನಾ ಕಾಲ. ನಮ್ಮ ಯಜಮಾನರ ಸಿಆರ್‌ಪಿ ಮೊದಲು 12 ಬಂತು, ಏನೂ ಇಲ್ಲ ಎಂದು ಕಳಿಸಿದರು. ಏಳನೆಯ ದಿನ ಬೇರೆ ಕಡೆ 118. ಸೊಲ್ಲಾಪುರಕ್ಕೆ ಆಂಬುಲೆನ್ಸ್ 14,000, ಆಮ್ಲಜನಕಕ್ಕೆ 3,000 ಬೇರೆ, ಚಾಲಕನ ಊಟದ 150 ಕೂಡ ನಮ್ಮದೇ. ದಿನ ಬಿಟ್ಟು ದಿನ ಡಿ-ಡೈಮರ್, ಪ್ರತಿ ಸಲ 1,600. ಮನೆಯಲ್ಲಿದ್ದ 22 ಚೀಲ ತೊಗರಿ ಹೋಯಿತು. ಅವರು ಉಳಿದರು, ಆದರೆ ಮಾಳಿಗೆ ಹತ್ತಲಾರರು. ಎಲ್ಲವನ್ನೂ ಮಾಡಿಸಿ.

ಬೀದರ್, ನಿವೃತ್ತ ಲ್ಯಾಬ್ ಟೆಕ್ನಿಷಿಯನ್: ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ಸಾಕು. ಅದರಲ್ಲಿ ಎರಡು ಬಗೆಯ ಬಿಳಿ ರಕ್ತಕಣ ಇರುತ್ತವೆ: ನ್ಯೂಟ್ರೋಫಿಲ್ ಅನ್ನು ಲಿಂಫೋಸೈಟ್‌ನಿಂದ ಭಾಗಿಸಿ, ಉತ್ತರ ಹೆಚ್ಚಿದಷ್ಟೂ ಅಪಾಯ. ನನ್ನದು 86ಕ್ಕೆ 8 ಇತ್ತು, ಹತ್ತು ದಾಟಿತು. ಜ್ವರ ಇಳಿದಿದೆಯಲ್ಲ ಎಂದು ಮಗ ಗದರಿದರೂ ಆ ರಾತ್ರಿಯೇ ದಾಖಲಾದೆ. ಬೆಳಗಿನೊಳಗೆ ಆಮ್ಲಜನಕ ಹಚ್ಚಿದರು. ಆಳಂದದ ಅಕ್ಕನವರೇ, ನಿಮ್ಮ ಎರಡು ಲ್ಯಾಬುಗಳ ಘಟಕ ಒಂದೇ ಇತ್ತೇ? ಡೆಸಿಲೀಟರಿಗೆ 12 ಮಿಲಿಗ್ರಾಂ ಎಂದರೆ ಲೀಟರಿಗೆ 120. ಮೊದಲ ದಿನವೇ ಏರಿತ್ತೋ ಏನೋ.

ಶಹಾಪುರದಿಂದ: ಕಾಗದ ನೋಡಿ ಹೆದರಿದ್ದು ಸಾಕು. ಬರೀ ಸಿಆರ್‌ಪಿ ನೋಡಿ ನನ್ನ ತಮ್ಮನಿಗೆ ಮನೆಯಲ್ಲೇ ಸ್ಟೀರಾಯ್ಡ್ ಕೊಟ್ಟರು, ಸಕ್ಕರೆ 430ಕ್ಕೆ ಏರಿತು. ಆಮ್ಲಜನಕ ಬೇಕಿಲ್ಲದ ಕೊರೊನಾ ರೋಗಿಗೆ ಸ್ಟೀರಾಯ್ಡ್ ಆದ ಡೆಕ್ಸಾಮೆಥಾಸೋನ್‌ನಿಂದ ಲಾಭ ಕಾಣಲಿಲ್ಲ ಎಂದು 2020ರಲ್ಲೇ ಬ್ರಿಟನ್ನಿನ ರಿಕವರಿ ಪ್ರಯೋಗ ಹೇಳಿತ್ತು. ಅವ್ವನಿಗೆ ನಾನು ಒಂದು ಪರೀಕ್ಷೆಯನ್ನೂ ಮಾಡಿಸಲಿಲ್ಲ. ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ಅಳೆಯುವ 900ರ ಆಕ್ಸಿಮೀಟರ್, ಅಂಗಳದಲ್ಲಿ ಆರು ನಿಮಿಷ ನಡಿಗೆ. 96 ಇದ್ದದ್ದು 91 ಆಯಿತು, ಆಸ್ಪತ್ರೆಗೆ ಒಯ್ದೆ. ಡಿ-ಡೈಮರ್ ವಯಸ್ಸಾದವರಲ್ಲಿ ಸುಮ್ಮನೆಯೂ ಏರಿರುತ್ತದೆ.

ಬೀದರ್: ತಣ್ಣಗಿನ ಬೆರಳಿಗೆ, ಉಗುರುಬಣ್ಣಕ್ಕೆ ನಿಮ್ಮ ಯಂತ್ರವೂ ಸುಳ್ಳು ಹೇಳುತ್ತದೆ, ತಮ್ಮಾ.

ಶಹಾಪುರ: ನಮ್ಮ ಅವ್ವ ಉಗುರುಬಣ್ಣ ಹಚ್ಚುವವಳಲ್ಲ. ಕಮಿಷನ್ ತಿಂದವರು ಪಾಠ ಹೇಳಬೇಡಿ.

ಬೀದರ್: ಸರ್ಕಾರಿ ಸಂಬಳದಲ್ಲಿ 31 ವರ್ಷ ರಕ್ತ ತೆಗೆದವನು ನಾನು. ಮಾತು ಹಿಂತೆಗೆದುಕೊಳ್ಳಿ!

ಹುಮನಾಬಾದ್‌ನಿಂದ: ಸೊಲ್ಲಾಪುರಕ್ಕೆ 14,000? ನಾವು ಹೈದರಾಬಾದಿಗೆ 11,000ದಲ್ಲಿ ಹೋದೆವು. ನಿಮ್ಮನ್ನು ಸುಲಿದಿದ್ದಾರೆ.

ಆಳಂದ: ಅಪರಾತ್ರಿಯಲ್ಲಿ ಚೌಕಾಶಿ ಮಾಡಬೇಕಿತ್ತೇ? ಬೀದರಿನ ಅಣ್ಣನವರೇ, ಪೆಟ್ಟಿಗೆಯಿಂದ ಹಳೆಯ ಚೀಟಿ ತೆಗೆದೆ. 12 ಕಾಣುತ್ತದೆ. ಅದರ ಪಕ್ಕದ ಅಕ್ಷರಗಳು ಅಳಿಸಿಹೋಗಿವೆ.

ಸೇಡಂ: ನಮ್ಮ 48 ಲೀಟರಿಗೆ ಮಿಲಿಗ್ರಾಂ ಲೆಕ್ಕದ್ದು, ಈಗ ನೋಡಿದೆ. ಆ 4,200 ಕೊಡಬೇಕೋ ಬೇಡವೋ?

ಹುಮನಾಬಾದ್: 11,000ದಲ್ಲಿ ಟೋಲ್ ಕೂಡ ಸೇರಿತ್ತು.